ಸಹಾಯ ಬೇಕು: ಮಲೆನಾಡಿನ ಊರಿನ ಬಚ್ಚಲು ನೀರಿಗೆ ಏನು ಮಾಡಬಹುದು?

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕಿನ ಚಿಕ್ಕ ಊರು, ಸುಮಾರು 60 ಮನೆ. ಎಲ್ಲರ ಬಚ್ಚಲು, ಅಡುಗೆಮನೆ ನೀರು ಚರಂಡಿ ಹಿಡಿದು ನೇರ ಹಳ್ಳಕ್ಕೆ, ಅಲ್ಲಿಂದ ಹೇಮಾವತಿಗೆ. ಕೆಳಗಿನ ಊರಿನ ದನಗಳು ಅದೇ ನೀರು ಕುಡಿಯುತ್ತವೆ. ನೋಡಿದರೆ ಸಂಕಟವಾಗುತ್ತದೆ.

ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರು. ಬಳಸಿದ್ದರಲ್ಲಿ ಹೆಚ್ಚಿನದು ಕೊಳೆನೀರೇ ಆಗುವುದರಿಂದ, ನಮ್ಮೂರಿನ 250 ಜನಕ್ಕೆ ದಿನಕ್ಕೆ ಸುಮಾರು 10 ಸಾವಿರ ಲೀಟರ್ ಕೊಳೆನೀರು ಹೊರಗೆ ಬರುತ್ತದೆ. ಮನೆಗೊಂದು ಇಂಗುಗುಂಡಿ ಮಾಡಿಸಿ ಅನ್ನುತ್ತಾರೆ. ಬಯಲುಸೀಮೆಗೆ ಅದು ಸರಿ. ಇಲ್ಲಿ ಜುಲೈ ಬಂದರೆ ನೆಲವೇ ನೀರು ಕುಡಿಯುವುದಿಲ್ಲ, ಗುಂಡಿ ತುಂಬಿ ನಿಲ್ಲುತ್ತದೆ. ಪಕ್ಕದಲ್ಲೇ ಬಾವಿ ಬೇರೆ.

ಅದಕ್ಕೆ ಊರ ಕೆಳಗೆ ತೊಟ್ಟಿ ಕಟ್ಟಿ ಜಿಡ್ಡು, ಕೆಸರು ತಡೆದು, ಆಮೇಲೆ ಜಲ್ಲಿ ತುಂಬಿದ ಮಡಿಯಲ್ಲಿ ಆಪು ಹುಲ್ಲು, ಕಾಬಾಳೆ ಗಿಡ ನೆಟ್ಟು ನೀರು ಹಾಯಿಸುವ ಯೋಚನೆ ಇದೆ. ಜಲ್ಲಿ, ಬೇರುಗಳಿಗೆ ಅಂಟಿದ ಸೂಕ್ಷ್ಮಜೀವಿಗಳೇ ಕೊಳೆ ತಿನ್ನುತ್ತವೆ. ಇಳಿಜಾರು ಇರುವುದರಿಂದ ಕರೆಂಟು, ಮೋಟಾರು ಬೇಡ.

ಹಾಸನ, ಚಿಕ್ಕಮಗಳೂರು ಕಡೆ ಯಾರಾದರೂ ಇದನ್ನು ಮಾಡಿದ್ದೀರಾ? ಮಳೆನೀರು ಒಳಗೆ ನುಗ್ಗದಂತೆ ಹೇಗೆ ತಡೆದಿರಿ? ಜಲ್ಲಿ ಎಷ್ಟು ವರ್ಷಕ್ಕೆ ಕಟ್ಟಿಕೊಳ್ಳುತ್ತದೆ? ತೊಟ್ಟಿಯ ಹೂಳು ತೆಗೆಯುವವರು ಯಾರು? ನನಗೆ ಇದೇ ದೊಡ್ಡ ಚಿಂತೆ. ಸುಮ್ನೆ ಕಟ್ಟಿಸಿ ಬಿಟ್ಟರೆ ಆಗುವುದಿಲ್ಲ ಅಲ್ವಾ? ಚೆನ್ನಾಗಿ ನಡೆಯುತ್ತಿರುವುದು ಎಲ್ಲಾದರೂ ಇದ್ದರೆ ತಿಳಿಸಿ, ನಾವೇ ಬಂದು ನೋಡುತ್ತೇವೆ. ಮುಂದಿನ ಗ್ರಾಮಸಭೆಯಲ್ಲಿ ವಿಷಯ ಇಡಬೇಕು.