ಕ್ಯಾನನ್ 1500ಡಿ: ಕಬಡ್ಡಿ ಮಸುಕು, ಹಕ್ಕಿ ಚುಕ್ಕಿಯಷ್ಟು, ಮನೆಯೊಳಗೆ ಕತ್ತಲೆ. 25 ಸಾವಿರದಲ್ಲಿ ಯಾವ ಲೆನ್ಸ್?

ಮದ್ದೂರು_ಕ್ಯಾಮೆರಾ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕ್ಯಾನನ್ 1500ಡಿ ಕ್ಯಾಮೆರಾ ಇದೆ. ಜೊತೆಗೇ ಬಂದ 18-55 ಮತ್ತು 55-250 (ಎಂಎಂ ಲೆಕ್ಕ, ಅಂಕಿ ದೊಡ್ಡದಾದಷ್ಟು ದೂರದ್ದು ದೊಡ್ಡದಾಗಿ ಬರುತ್ತದೆ), ಎರಡೂ ಐಎಸ್ 2, ಅಂದರೆ ಕೈ ನಡುಕ ತಡೆಯುವ ಲೆನ್ಸ್. ಮೂರು ಕೆಲಸಕ್ಕೆ ಬಳಸುತ್ತೇನೆ. ರಜೆ ಸಿಕ್ಕರೆ ಕೊಕ್ಕರೆಬೆಳ್ಳೂರು, ಇಲ್ಲಾಂದ್ರೆ ನಮ್ಮೂರ ಕೆರೆ ಏರಿ ಮೇಲೆ ಹಕ್ಕಿ. ಮನೆಯಲ್ಲಿ ಅಜ್ಜಿ, ಮಕ್ಕಳು, ಹಬ್ಬ. ಮಗಳು ಹೈಸ್ಕೂಲಿನ ಕಬಡ್ಡಿ ತಂಡದಲ್ಲಿದ್ದಾಳೆ, ಆಟ ಜಾಸ್ತಿ ಹೊನಲು ಬೆಳಕಿನಲ್ಲೇ ನಡೆಯುತ್ತದೆ.

ಕಬಡ್ಡಿ ಫೋಟೊ ಒಂದೂ ಶಾರ್ಪ್ ಬರುತ್ತಿಲ್ಲ. ಮಿಂಚುಳ್ಳಿ ತೆಗೆದರೆ ಫ್ರೇಮಿನಲ್ಲಿ ಹುಡುಕಬೇಕು. ಮನೆಯೊಳಗೆ ಫ್ಲಾಶ್ ಹಾಕಿದರೆ ಅಜ್ಜಿಯ ಮುಖ ಬೆಳ್ಳಗೆ ಹೊಡೆಯುತ್ತದೆ, ಹಾಕದಿದ್ದರೆ ಮಸುಕು. ಅಂಗಡಿಯಲ್ಲಿ ಕೇಳಿದೆ, 75-300 ತಗೊಳ್ಳಿ, ಎಲ್ಲದಕ್ಕೂ ಆಗುತ್ತೆ ಅಂದರು. ಬಜೆಟ್ 25 ಸಾವಿರ. ತಗೊಳ್ಳಲಾ?

ಬೆಳಕು_ನೆರಳು:
ಸದ್ಯಕ್ಕೆ ಏನೂ ತಗೊಳ್ಳಬೇಡಿ. ಮೊದಲು ಆ ಮಸುಕು ಎಲ್ಲಿಂದ ಬಂತು ಅಂತ ನೋಡೋಣ. ಕೆಟ್ಟು ಹೋದ ಫೋಟೊಗಳನ್ನು ಅಳಿಸಿಲ್ಲ ತಾನೆ? ಕಂಪ್ಯೂಟರಿನಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಿ.

ಫ್ರೇಮಿನಲ್ಲಿರುವುದೆಲ್ಲ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ. ನಿಂತವರು ಸರಿಯಾಗಿದ್ದು ಓಡುವವರು ಮಾತ್ರ ತೇಲಿದ್ದರೆ ಶಟರ್ (ಬೆಳಕು ಒಳಗೆ ಬಿಡುವ ಪರದೆ) ನಿಧಾನವಾಗಿದೆ. ಹಿಂದಿನ ಗೋಡೆಯೋ ಜನರೋ ಶಾರ್ಪ್ ಇದ್ದು ಆಟಗಾರರು ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಹೊಸ ಲೆನ್ಸ್ ಬೇಕಾಗುವುದು ಎಲ್ಲದಕ್ಕೂ ಅಲ್ಲ. ಒಂದೊಂದು ಬಗೆಯ ಫೋಟೊದ ಶಟರ್ (ಸೆಕೆಂಡಿನ ಎಷ್ಟನೇ ಪಾಲು ತೆರೆದಿತ್ತು), ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಅಂಕಿ ಚಿಕ್ಕದಾದಷ್ಟು ಅದು ದೊಡ್ಡದು), ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ) ಬರೆದು ಹಾಕಿ.

ಮದ್ದೂರು_ಕ್ಯಾಮೆರಾ:
ನೋಡಿದೆ ಸರ್. ಕಬಡ್ಡಿ: 200ರ ಮೇಲೆ ಜೂಮ್, ಎಫ್/5.6, 1/60, ಐಎಸ್‌ಒ 3200. ಅಂಕಣದಲ್ಲಿ ಕಾಯುತ್ತಾ ನಿಂತ ಹುಡುಗಿಯ ಜೆರ್ಸಿ ನಂಬರ್ ಚೆನ್ನಾಗಿ ಓದಬಹುದು. ರೈಡ್‌ಗೆ ಬಂದವಳ ಕೈಕಾಲು ಮಾತ್ರ ಗೀಟು ಎಳೆದ ಹಾಗಿದೆ.
ಮನೆ: 18-55ರಲ್ಲಿ 55ಕ್ಕೆ, ಎಫ್/5.6, 1/20, ಐಎಸ್‌ಒ 3200. ಟ್ಯೂಬ್‌ಲೈಟ್ ಬೆಳಕು.
ಮಿಂಚುಳ್ಳಿ: 250, ಎಫ್/5.6, 1/1000, ಐಎಸ್‌ಒ 400. ದೊಡ್ಡದು ಮಾಡಿದರೆ ಕೊಕ್ಕು, ಕಣ್ಣು ಎಲ್ಲ ಇದೆ. ಆದರೆ ಚಿಕ್ಕದು.

ಬೆಳಕು_ನೆರಳು:
ಇಷ್ಟು ಸಾಕು. ನಿಮಗಿರುವುದು ಎರಡು ಬೇರೆ ಬೇರೆ ತೊಂದರೆ. ಕಬಡ್ಡಿಗೆ, ಮನೆಗೆ ಬೆಳಕು ಸಾಲುತ್ತಿಲ್ಲ. ಹಕ್ಕಿಗೆ ದೂರ ಜಾಸ್ತಿ. 75-300 ಮೊದಲನೆಯದಕ್ಕೆ ಏನೂ ಮಾಡುವುದಿಲ್ಲ, ಎರಡನೆಯದಕ್ಕೂ ಅಷ್ಟಕ್ಕಷ್ಟೇ.

ಕಬಡ್ಡಿಯಿಂದ ಶುರು ಮಾಡುತ್ತೇನೆ. ಓಡುವ ಕೈಕಾಲು ನಿಲ್ಲಬೇಕಾದರೆ ಕಡಿಮೆ ಅಂದರೂ 1/500 ಬೇಕು. ನಿಮ್ಮದು 1/60. ಅಂದರೆ 1/500ಕ್ಕೆ ಹೋಗಲು ಈಗಿನ ಎಂಟು ಪಟ್ಟು ಬೆಳಕು ಬೇಕು. ಲೆನ್ಸಿನಲ್ಲಿರುವ ಐಎಸ್ ನಿಮ್ಮ ಕೈ ನಡುಕವನ್ನು ಹಿಡಿಯುತ್ತದೆ, ಆಟಗಾರರನ್ನು ಹಿಡಿಯುವುದಿಲ್ಲ. ಅದಕ್ಕೇ ನಿಂತ ಹುಡುಗಿಯ ನಂಬರ್ ಓದಲು ಬಂತು. ಈಗ ಎಫ್/5.6 ಬದಲು ಎಫ್/1.8 ಇರುವ ಲೆನ್ಸ್ ಹಾಕಿ ಅಂದುಕೊಳ್ಳಿ. ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಐಎಸ್‌ಒ ಅದೇ 3200 ಇಟ್ಟರೂ 1/60 ಹೋಗಿ 1/500 ದಾಟುತ್ತದೆ. ಮನೆಯೊಳಗಿನ 1/20 ಸುಮಾರು 1/200 ಆಗುತ್ತದೆ, ಫ್ಲಾಶ್ ಬೇಕಾಗುವುದೇ ಇಲ್ಲ.

ಆ ಲೆನ್ಸ್ ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ (ಎಸ್‌ಟಿಎಂ ಅನ್ನುವುದು ಫೋಕಸ್ ಮೋಟಾರಿನ ಬಗೆ). 2015ರಲ್ಲಿ ಬಂದದ್ದು. ತೂಕ 160 ಗ್ರಾಂ ಆಸುಪಾಸು, ಬೆಲೆ ಹೊಸದಕ್ಕೆ ಹತ್ತು ಸಾವಿರದ ಆಸುಪಾಸು. ನಿಮ್ಮ ಮೂರು ಕೆಲಸದಲ್ಲಿ ಎರಡು ಇದರಲ್ಲೇ ಮುಗಿಯುತ್ತವೆ.

ಜೂಮ್ ಇಲ್ಲವಲ್ಲ ಅಂತ ಅನ್ನಿಸಬಹುದು. ಎಂಟು ಮೀಟರ್ ದೂರದಲ್ಲಿ ಇದು ಹಿಡಿಯುವುದು ಸುಮಾರು ಮೂರೂವರೆ ಮೀಟರ್ ಅಗಲ. ಒಬ್ಬ ರೈಡರ್, ಹಿಡಿಯಲು ಬರುವ ಇಬ್ಬರು, ಅಷ್ಟು ಆರಾಮಾಗಿ ಕೂರುತ್ತದೆ. ಆದರೆ ನಿಲ್ಲುವ ಜಾಗ ಬದಲಾಗಬೇಕು. ಜನ ಎಲ್ಲ ಪಕ್ಕದ ಗೆರೆ ಹತ್ತಿರ ಸೇರುತ್ತಾರೆ. ನೀವು ಆಯೋಜಕರನ್ನು ಕೇಳಿಕೊಂಡು ಅಂಕಣದ ಹಿಂಬದಿಗೆ, ಒಂದು ಮೂಲೆಗೆ ಹೋಗಿ. ರೈಡರ್ ಮುಖ ಯಾವಾಗಲೂ ಹಿಡಿಯುವವರ ಕಡೆ ಇರುತ್ತದೆ, ಅಲ್ವಾ? ಹಿಡಿಯುವವರ ಹಿಂದೆ ನಿಂತರೆ ಆ ಮುಖ ನಿಮ್ಮ ಕಡೆಗೇ ಬರುತ್ತದೆ. ಮಗಳು ರೈಡರ್ ಆಗಿದ್ದರೆ ಎದುರಾಳಿ ಅಂಕಣದ ಹಿಂದೆ, ಹಿಡಿಯುವವಳಾಗಿದ್ದರೆ ಎದುರಾಳಿ ಅಂಕಣದ ಪಕ್ಕದ ಮೂಲೆಯಲ್ಲಿ ನಿಲ್ಲಿ. ಯಾವ ಲೆನ್ಸ್ ಇದ್ದರೂ ಇದು ನಡೆಯುತ್ತದೆ.

ಮನೆಯಲ್ಲಿ ಒಂದು ವಿಷಯ ನೆನಪಿರಲಿ. ಎರಡು ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಶಾರ್ಪ್ ಇರುವುದು ಸುಮಾರು 11 ಸೆಂ.ಮೀ. ಆಳ ಮಾತ್ರ. ಅಜ್ಜಿ ಒಬ್ಬರೇ ಇದ್ದರೆ ಚೆಂದ. ಮೊಮ್ಮಗಳು ಹಿಂದೆ ನಿಂತು ಕತ್ತು ತಬ್ಬಿದ್ದರೆ ಇಬ್ಬರಲ್ಲಿ ಒಬ್ಬರು ಮಸುಕಾಗುತ್ತಾರೆ. ಇಬ್ಬರಿಗೆ ಎಫ್/2.8, ಮೂವರಿಗೆ ಎಫ್/4 ಇಡಿ. ಇಡೀ ಮನೆಯವರ ಫೋಟೊಗೆ ನಡುಮನೆಯಲ್ಲಿ 50 ಸಾಲುವುದಿಲ್ಲ, ಗೋಡೆಗೆ ಒರಗಿದರೂ ಎಲ್ಲರೂ ಹಿಡಿಸುವುದಿಲ್ಲ. ಅದಕ್ಕೆ ನಿಮ್ಮ 18-55 ಇದ್ದೇ ಇದೆ. ಎಲ್ಲರನ್ನೂ ಹಗಲಲ್ಲಿ ಜಗಲಿಗೆ ಕರೆತಂದು ಕೂರಿಸಿ, ಸಾಕು.

ಕೆರೆಯಂಗಳ:
ಹಕ್ಕಿ ವಿಷಯ ನಾನು ಹೇಳುತ್ತೇನೆ.

ಚಿಕ್ಕ ಮಿಂಚುಳ್ಳಿ 16 ಸೆಂ.ಮೀ. ಇರುತ್ತದೆ. ಹತ್ತು ಮೀಟರ್ ದೂರದಲ್ಲಿ ಕೂತಿದ್ದರೆ, 250 ಎಂಎಂನಲ್ಲಿ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಬೀಳುವ ಚಿಪ್) ಮೇಲೆ ಅದು 4 ಎಂಎಂ ಉದ್ದ ಬೀಳುತ್ತದೆ. ನಿಮ್ಮ ಸೆನ್ಸರ್ ಅಗಲ 22.3 ಎಂಎಂ. ಐದರಲ್ಲಿ ಒಂದು ಪಾಲೂ ಇಲ್ಲ. ಫೋಟೊ 6000 ಪಿಕ್ಸೆಲ್ ಅಗಲ ಇದ್ದರೆ ಹಕ್ಕಿಗೆ ಸಿಕ್ಕಿದ್ದು ಸಾವಿರದ ಚಿಲ್ಲರೆ. 300 ಹಾಕಿದರೆ ಸುಮಾರು 1300 ಆಗುತ್ತದೆ. ಈ ಇನ್ನೂರು ಪಿಕ್ಸೆಲ್‌ಗಾಗಿ 75-300ಕ್ಕೆ ದುಡ್ಡು ಹಾಕುತ್ತೀರಾ? ಕ್ಯಾನನ್ 75-300 ಮೂರನೇ ಆವೃತ್ತಿಯಲ್ಲಿ ಐಎಸ್ ಇಲ್ಲ. 300ರ ತುದಿಯಲ್ಲಿ ಚಿತ್ರವೂ ಮೃದು. ಕೈಯಲ್ಲಿರುವ 55-250 ಅದಕ್ಕಿಂತ ಮೇಲು.

ದುಡ್ಡಿಲ್ಲದೆ ಆಗುವ ಕೆಲಸ ಒಂದಿದೆ. ಹತ್ತು ಮೀಟರ್ ಇದ್ದದ್ದನ್ನು ಏಳಕ್ಕೆ ಇಳಿಸಿ. 350 ಎಂಎಂ ಲೆನ್ಸ್ ಕೊಂಡಷ್ಟೇ ದೊಡ್ಡದು ಬರುತ್ತದೆ. ಹಾಗಂತ ಹಕ್ಕಿ ಹಿಂದೆ ನಡೆಯಬೇಡಿ. ಮಿಂಚುಳ್ಳಿ ತನಗೆ ಹಿಡಿಸಿದ ಕೊಂಬೆಗೆ ಮತ್ತೆ ಮತ್ತೆ ಬರುತ್ತದೆ. ಕೊಂಬೆಯ ಕೆಳಗೆ ನೀರಿನ ಅಂಚಿನ ಕಲ್ಲಿನ ಮೇಲೆ ಬಿಳಿ ಹಿಕ್ಕೆ ನೋಡಿದರೆ ಜಾಗ ಗೊತ್ತಾಗುತ್ತದೆ. ಹಕ್ಕಿ ಇಲ್ಲದಾಗ ಹೋಗಿ, ಬೆನ್ನಿಗೆ ಬಿಸಿಲು ಬರುವ ಹಾಗೆ, ತಗ್ಗಾಗಿ ಕೂತುಬಿಡಿ. ಕಾರಿದ್ದರೆ ಒಳಗೇ ಕೂತು ಎಂಜಿನ್ ಆಫ್ ಮಾಡಿ ಕಿಟಕಿಯಿಂದ ತೆಗೆಯಿರಿ. ಮನುಷ್ಯರಿಗೆ ಹಾರುವ ಹಕ್ಕಿ ಕಾರಿಗೆ ಅಷ್ಟು ಬೆದರುವುದಿಲ್ಲ.

ಇನ್ನು ಕೊಕ್ಕರೆಬೆಳ್ಳೂರು. ಅಲ್ಲಿಗೆ ನಿಮ್ಮ 250 ಧಾರಾಳ. ಬಣ್ಣದ ಕೊಕ್ಕರೆ ಹತ್ತಿರ ಹತ್ತಿರ ಒಂದು ಮೀಟರ್ ಎತ್ತರ. 15 ಮೀಟರ್ ದೂರದ ಮರದಲ್ಲಿದ್ದರೆ, ಕ್ಯಾಮೆರಾ ತಿರುಗಿಸಿ ನೆಟ್ಟಗೆ ಹಿಡಿದರೆ ಮಾತ್ರ ಕೊಕ್ಕರೆ ಪೂರ್ತಿ ಕೂರುತ್ತದೆ. ಹೆಜ್ಜಾರ್ಲೆ (ಪೆಲಿಕನ್) ರೆಕ್ಕೆ ಬಿಚ್ಚಿದರೆ 250 ಜಾಸ್ತಿಯೇ ಆಯಿತು, 100ರ ಹತ್ತಿರ ಇಳಿಸಬೇಕು. ಊರೊಳಗಿನ ಮರಗಳಲ್ಲೇ ಗೂಡು ಕಟ್ಟುವ ಹಕ್ಕಿಗಳು ಅವು. ಗೂಡಿನ ಕೆಳಗೆ ಗುಂಪು ಸೇರಿ ಗಲಾಟೆ ಮಾಡಬೇಡಿ, ಫ್ಲಾಶ್ ಬೇಡವೇ ಬೇಡ.

ಬಿಸಿಲೇರಿದ ಮೇಲೆ ಕೆರೆ ಮೇಲಿನ ಗಾಳಿ ಅಲುಗುತ್ತಿರುತ್ತದೆ. ಆಗ ಎಷ್ಟು ದುಬಾರಿ ಲೆನ್ಸಿನಲ್ಲೂ ದೂರದ ಹಕ್ಕಿ ಶಾರ್ಪ್ ಬರುವುದಿಲ್ಲ. ಬೆಳಗಿನ ಮೊದಲ ಎರಡು ಗಂಟೆ ಬಿಡಬೇಡಿ.

ಕಡಲ_ಕಿನಾರೆ:
ಬೆಳಕು_ನೆರಳು ಅವರೇ, 50ರ ಬದಲು 85 ಎಂಎಂ ಎಫ್/1.8 ಯುಎಸ್‌ಎಂ ಯಾಕೆ ಹೇಳಲಿಲ್ಲ? ನಮ್ಮ ಕಡೆ ಕಬಡ್ಡಿ ಪಂದ್ಯದಲ್ಲಿ ಅಂಕಣದ ಹತ್ತಿರ ಬಿಡುವುದೇ ಇಲ್ಲ. 50ರಲ್ಲಿ ಆಟಗಾರರು ಚಿಕ್ಕದಾಗಿ ಬೀಳುತ್ತಾರೆ. 85ರ ಫೋಕಸ್ ವೇಗ ಬೇರೆಯೇ. ಹಳೆಯದು ಸಿಕ್ಕರೆ ಇವರ ಬಜೆಟ್ಟಿಗೂ ಕೂರುತ್ತದೆ.

ಬೆಳಕು_ನೆರಳು:
ನೀವು ಹೇಳಿದ್ದು ಸರಿ, 85ರ ಯುಎಸ್‌ಎಂ ಮೋಟಾರ್ ಚುರುಕು. 50 ಎಸ್‌ಟಿಎಂ ಅಷ್ಟು ವೇಗವಿಲ್ಲ. ಆದರೂ ಇವರಿಗೆ 50 ಅನ್ನುತ್ತೇನೆ, ಕಾರಣ ಎರಡು. ಎಂಟು ಮೀಟರಿನಲ್ಲಿ ಎಫ್/1.8ಕ್ಕೆ 85 ಕೊಡುವ ಶಾರ್ಪ್ ಆಳ ಸುಮಾರು 60 ಸೆಂ.ಮೀ., 50 ಕೊಡುವುದು ಒಂದೂಮುಕ್ಕಾಲು ಮೀಟರ್. 1500ಡಿಯಲ್ಲಿ ಒಂಬತ್ತೇ ಫೋಕಸ್ ಪಾಯಿಂಟ್, ನಡುವಿನದು ಮಾತ್ರ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಹಿಡಿಯುವ, ಹೆಚ್ಚು ನಂಬಬಹುದಾದ ಪಾಯಿಂಟ್). ರೈಡರ್ ಸರಕ್ಕನೆ ಮುಂದಕ್ಕೋ ಹಿಂದಕ್ಕೋ ಹಾರಿದಾಗ 60 ಸೆಂ.ಮೀ. ತಪ್ಪಿಹೋಗುವುದು ಬಹಳ ಸುಲಭ. ಇನ್ನೊಂದು, ಮನೆಯೊಳಗೆ 85 ತೀರಾ ಉದ್ದ. ಮಗು ಪೂರ್ತಿ ಫ್ರೇಮಿಗೆ ಬರಬೇಕಾದರೆ ಪಕ್ಕದ ಕೋಣೆಗೆ ಹೋಗಬೇಕಾಗುತ್ತದೆ. ಅಂಕಣದಿಂದ ದೂರವೇ ನಿಲ್ಲಬೇಕು, ಆಟದ ಫೋಟೊನೇ ಮುಖ್ಯ ಅನ್ನುವವರು 85 ತಗೊಳ್ಳಲಿ.

ಹಸಿರು_ಹಾದಿ:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ನಿಕಾನ್ ಡಿ5100. ಅಗ್ಗಕ್ಕೆ ಸಿಕ್ಕಿತು ಅಂತ ತಮ್ಮ 50 ಎಂಎಂ ಎಫ್/1.8ಡಿ ತಂದ. ಫೋಕಸ್ ತಿರುಗುತ್ತಲೇ ಇಲ್ಲ. ಲೆನ್ಸ್ ಕೆಟ್ಟಿದೆಯಾ?

ಬೆಳಕು_ನೆರಳು:
ಕೆಟ್ಟಿಲ್ಲ ಮೇಡಂ. ಆ ಡಿ ಲೆನ್ಸಿನೊಳಗೆ ಮೋಟಾರ್ ಇರುವುದಿಲ್ಲ, ಕ್ಯಾಮೆರಾ ಬಾಡಿಯೇ ತಿರುಗಿಸಬೇಕು. ಡಿ3000 ಮತ್ತು ಡಿ5000 ಸಾಲಿನ ಬಾಡಿಗಳಲ್ಲಿ ಆ ಮೋಟಾರ್ ಇಲ್ಲ. ಕೈಯಿಂದ ಫೋಕಸ್ ಮಾಡಿದರೆ ಚೆನ್ನಾಗೇ ಬರುತ್ತದೆ. ಬದಲಾಯಿಸಿಕೊಳ್ಳಲು ಆದರೆ ಎಎಫ್-ಎಸ್ 50 ಎಫ್/1.8ಜಿ ತಗೊಳ್ಳಿ. ಮುಂದೆ ಉದ್ದ ಲೆನ್ಸ್ ಕೊಳ್ಳುವಾಗ ಇನ್ನೊಂದು ನೋಡಿ: ಎಎಫ್-ಪಿ ಅಂತ ಬರೆದ 70-300 ಡಿ5100ಕ್ಕೆ ಹೊಂದುವುದಿಲ್ಲ. ಹೊಂದುವ ಬಾಡಿ ಇರುವವರೂ ಹೆಸರಿನಲ್ಲಿ ವಿಆರ್ (ಕ್ಯಾನನ್ನಿನ ಐಎಸ್ ಥರದ್ದೇ) ಇದೆಯಾ ನೋಡಿಯೇ ತಗೊಳ್ಳಬೇಕು, ಇಲ್ಲದ್ದೂ ಮಾರಾಟಕ್ಕಿದೆ.

ಮದ್ದೂರು_ಕ್ಯಾಮೆರಾ:
50 ತಗೊಳ್ಳುತ್ತೇನೆ, ತೀರ್ಮಾನ ಆಯ್ತು. ಉಳಿದ ಹದಿನೈದು ಸಾವಿರದಲ್ಲಿ ಹಕ್ಕಿಗೆ ಏನಾದರೂ? ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ 2ಎಕ್ಸ್ ಕನ್ವರ್ಟರ್ ಹಾಕಿದರೆ 250 ಹೋಗಿ 500 ಆಗುತ್ತಂತೆ?

ಕೆರೆಯಂಗಳ:
ಬೇಡ ಅಣ್ಣ. ಕ್ಯಾನನ್ನಿನದೇ ಕನ್ವರ್ಟರ್ 55-250ಕ್ಕೆ ಕೂರುವುದಿಲ್ಲ. ಬೇರೆ ಕಂಪನಿಯದು ಕೂತರೂ ಎಫ್/5.6 ಹೋಗಿ ಎಫ್/11 ಆಗುತ್ತದೆ. ಆಟೊಫೋಕಸ್ ನಂಬುವ ಹಾಗಿಲ್ಲ, ಚಿತ್ರವೂ ಮಂಕು.

ಆ ದುಡ್ಡು ಹಾಗೇ ಇಟ್ಟು ಸೇರಿಸುತ್ತಾ ಹೋಗಿ. ಮುಂದಿನ ನಿಜವಾದ ಮೆಟ್ಟಿಲು ಸಿಗ್ಮಾ 100-400 ಕಂಟೆಂಪರರಿ, ಇಲ್ಲವೇ ಸಿಗ್ಮಾ ಅಥವಾ ಟ್ಯಾಮ್ರಾನ್ 150-600. ನಿಮ್ಮ ಮಿಂಚುಳ್ಳಿ 600ರಲ್ಲಿ 2500 ಪಿಕ್ಸೆಲ್ ದಾಟುತ್ತದೆ. ಆದರೆ 150-600 ತೂಕ ಎರಡು ಕಿಲೋ ಹತ್ತಿರ. 100-400 ಒಂದು ಕಿಲೋ ಚಿಲ್ಲರೆ, ಕೆರೆ ಏರಿ ಮೇಲೆ ಕುತ್ತಿಗೆಗೆ ಹಾಕಿಕೊಂಡು ನಡೆಯಬಹುದು. ನಡೆದಾಡಿ ತೆಗೆಯುವವರಿಗೆ ನಾನು 100-400 ಅನ್ನುತ್ತೇನೆ. ಕೊಳ್ಳುವ ಮುಂಚೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ವಿಚಾರಿಸಿ, ಎರಡನ್ನೂ ಒಂದೊಂದು ದಿನ ಬಾಡಿಗೆಗೆ ತಂದು ನೋಡಿ. ಕಬಿನಿ, ನಾಗರಹೊಳೆ ಕಡೆ ಸಫಾರಿಗೆ ಹೋಗುವುದಾದರೆ ದೊಡ್ಡ ಲೆನ್ಸಿಗೆ ಬೇರೆ ಶುಲ್ಕ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಬಂತು, ಈಗ ನಿಮ್ಮ 1500ಡಿಗೆ ಕೂರುವ ಇಎಫ್ ಲೆನ್ಸ್ ಯಾಕೆ ಅಂತ ಹೆದರಿಸುವವರಿದ್ದಾರೆ. ಅಡಾಪ್ಟರ್ ಹಾಕಿದರೆ ಈ ಲೆನ್ಸುಗಳೆಲ್ಲ ಕ್ಯಾನನ್ನಿನ ಆರ್ ಸಾಲಿನ ಮಿರರ್‌ಲೆಸ್ ಬಾಡಿಗಳಲ್ಲಿ ನಡೆಯುತ್ತವೆ. ತಿರುಗುಮುರುಗು ಆಗುವುದಿಲ್ಲ. ಆರ್ ಬಾಡಿಗಳಿಗೆಂದೇ ಮಾಡಿದ ಆರ್‌ಎಫ್ 100-400 ಅಗ್ಗ ಅಂತ ನೋಡಿ ಬುಕ್ ಮಾಡಬೇಡಿ, ನಿಮ್ಮ 1500ಡಿಗೆ ಅದು ಕೂರುವುದೇ ಇಲ್ಲ.

ಕಡಲ_ಕಿನಾರೆ:
ಹಳೆಯ ಲೆನ್ಸ್ ತಗೊಳ್ಳುವುದಾದರೆ ಒಂದು ಟಾರ್ಚ್ ಜೊತೆಗಿರಲಿ. ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯ ಎಳೆ ಥರ ಕಂಡರೆ ಫಂಗಸ್, ಎಷ್ಟು ಅಗ್ಗವಾದರೂ ವಾಪಸ್ ಕೊಡಿ. ಒಂದೆರಡು ಧೂಳಿನ ಕಣ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಕಳೆದ ಲೆನ್ಸುಗಳನ್ನು ಇನ್ನೂ ಹುಷಾರಾಗಿ ನೋಡಬೇಕು. ಬ್ಯಾಗಿನೊಳಗೇ ತಿಂಗಳುಗಟ್ಟಲೆ ಇಟ್ಟಿರುತ್ತಾರೆ. ತಂದ ಮೇಲೆ ನೀವೂ ಬ್ಯಾಗಿನಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅಷ್ಟು ಸಾಕು. ಜೆಲ್ ಬಣ್ಣ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.

ಮದ್ದೂರು_ಕ್ಯಾಮೆರಾ:
50 ಬಂತು. ತಾಲ್ಲೂಕು ಪಂದ್ಯದಲ್ಲಿ ತೆಗೆದೆ. ಎಫ್/1.8, 1/500, ಐಎಸ್‌ಒ 3200. ಕೈಕಾಲು ನಿಂತಿದೆ! ಅಜ್ಜಿ ಫೋಟೊ ನೋಡಿ ಮನೆಯಲ್ಲಿ ಎಲ್ಲರಿಗೂ ಖುಷಿ, ದೊಡ್ಡದು ಮಾಡಿ ಗೋಡೆಗೆ ಹಾಕುತ್ತಿದ್ದೇವೆ. ಒಂದೇ ತೊಂದರೆ. ಕೆಲವು ಕಬಡ್ಡಿ ಫೋಟೊದಲ್ಲಿ ರೈಡರ್ ಬಿಟ್ಟು ಹಿಂದಿನ ಪ್ರೇಕ್ಷಕರು ಶಾರ್ಪ್ ಬಂದಿದ್ದಾರೆ. ಇನ್ನು ಕೆಲವು ಒಂದಾದ ಮೇಲೊಂದು ತೆಗೆದರೂ ಬಣ್ಣ ಬೇರೆ ಬೇರೆ.

ಬೆಳಕು_ನೆರಳು:
ಹಿಂದಿನವರು ಶಾರ್ಪ್ ಬರುತ್ತಿದ್ದಾರೆ ಅಂದರೆ ಒಂಬತ್ತೂ ಪಾಯಿಂಟ್ ಆನ್ ಇರಬೇಕು. ನಡುವಿನದೊಂದನ್ನೇ ಆರಿಸಿ, ಎಐ ಸರ್ವೋ (ಓಡುವವರನ್ನು ಫೋಕಸ್ ಹಿಂಬಾಲಿಸುವ ಮೋಡ್) ಇಡಿ. ಆ ಪಾಯಿಂಟನ್ನು ರೈಡರ್ ಎದೆಯ ನಂಬರ್ ಮೇಲೆ ಇಟ್ಟು, ಬಟನ್ ಅರ್ಧ ಒತ್ತಿಕೊಂಡೇ ಅವಳ ಜೊತೆ ತಿರುಗುತ್ತಾ ಹೋಗಿ. ಈ ಕ್ಯಾಮೆರಾ ಸೆಕೆಂಡಿಗೆ ಮೂರೇ ಫೋಟೊ ತೆಗೆಯುವುದು. ಹಾಗಾಗಿ ಸುಮ್ನೆ ಒತ್ತಿ ಹಿಡಿಯಬೇಡಿ. ರೈಡರ್ ಕೈ ಚಾಚುವ ಹೊತ್ತಿಗೆ ಒಂದು, ಹಿಡಿಯುವವರು ಕಾಲಿಗೆ ಬಿದ್ದಾಗ ಒಂದು. ಆಟಕ್ಕೆ ರಾ (ದೊಡ್ಡ ಕಚ್ಚಾ ಫೈಲ್) ಬಿಟ್ಟು ಜೆಪೆಗ್ (ಚಿಕ್ಕ ಫೈಲ್) ಇಡಿ, ಕ್ಯಾಮೆರಾದ ತಾತ್ಕಾಲಿಕ ಮೆಮೊರಿ, ಅಂದರೆ ಬಫರ್, ಬೇಗ ತುಂಬುವುದಿಲ್ಲ.

ಬಣ್ಣ ಬದಲಾಗುವುದು ದೀಪಗಳಿಂದ. ನಮ್ಮ ಕರೆಂಟ್ 50 ಹರ್ಟ್ಸ್, ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/500ರಲ್ಲಿ ಒಂದು ಫೋಟೊ ಆ ಮಿನುಗಿನ ಮೇಲ್ತುದಿಯಲ್ಲಿ, ಇನ್ನೊಂದು ಕೆಳತುದಿಯಲ್ಲಿ ಬೀಳುತ್ತದೆ. ಲೆನ್ಸಿಗೂ ಇದಕ್ಕೂ ಸಂಬಂಧವಿಲ್ಲ. ಮಿನುಗದ ದೀಪ ಇರುವ ಮೈದಾನದಲ್ಲಿ ಐಎಸ್‌ಒ 6400, ಎಫ್/2 ಇಟ್ಟು 1/800ರವರೆಗೂ ಹೋಗಿ. ಮಿನುಗುವ ಕಡೆ 1/250ಕ್ಕೆ ಇಳಿಸಿದರೆ ವ್ಯತ್ಯಾಸ ಕಮ್ಮಿ ಆಗುತ್ತದೆ. ಆಗ ರೈಡರ್ ತಿರುಗಲು ಒಂದು ಗಳಿಗೆ ನಿಲ್ಲುತ್ತಾಳಲ್ಲ, ಅದನ್ನು ಕಾದು ಒತ್ತಿ.