ಕಾಳಜಿ ಕೇಂದ್ರದಾಗ ಸಂಡಾಸ ಸ್ವಚ್ಛ ಇಡೋದು ಹೆಂಗ? ಅನುಭವ ಇದ್ದೋರು ಹೇಳ್ರಿ

ನಮಸ್ಕಾರ್ರಿ. ಮಲಪ್ರಭಾ ದಂಡಿ ಊರು ನಮ್ದು, ನಾ ಹೈಸ್ಕೂಲ್ ಮಾಸ್ತರ. ಹೊಳಿ ಬಂದ ಮ್ಯಾಲೆ ನಮ್ಮ ಸಾಲಿನ ಕಾಳಜಿ ಕೇಂದ್ರ ಮಾಡ್ಯಾರ. ಇವತ್ತಿಗೆ 380 ಮಂದಿ ಅದಾರ, ಸಂಡಾಸ ಇರೋದು ಆರು, ಅದ್ರಾಗ ಎರಡು ಕಟ್ಕೊಂಡಾವ. ಅನ್ನ, ಚಾದರ ಯಾವ್ದಕ್ಕೂ ಕೊರತಿ ಇಲ್ಲ, ಕೊಡೋರು ಬಂದ ಬರ್ತಾರ, ಫೋಟೋ ತಗಸ್ಕೋತಾರ, ಸಂಡಾಸದ ಮಾತು ತೆಗದ್ರ ಎಲ್ಲಾರೂ ಮೂಗು ಮುಚ್ಕೊಂಡು ಗಾಡಿ ಹತ್ತತಾರ. ಮುಂಜಾನೆ ಐದಕ್ಕ ಪಾಳಿ ಹಚ್ಚಿ ನಿಂತ ಹೆಣ್ಮಕ್ಕಳನ್ನ ನೋಡಾಕ ಆಗವಲ್ದು. ಏನ್ ಮಾಡ್ಲಿ?

—

ಸರ್, 2018ರ ಆಗಸ್ಟಲ್ಲಿ ಮಡಿಕೇರಿ ಕಡೆ ಗುಡ್ಡ ಜರಿದಾಗ ಒಂದು ಕ್ಯಾಂಪಲ್ಲಿ ನಾನು ಇದೇ ಕೆಲಸ ನೋಡ್ಕೊಂಡಿದ್ದೆ. ಮೊದಲು ಎಲ್ಲಾ ಕಕ್ಕಸು ಎಲ್ಲರಿಗೂ ಅಂತ ಬಿಟ್ವಿ, ಎರಡೇ ದಿನಕ್ಕೆ ಕಾಲಿಡೋ ಹಂಗಿರ್ಲಿಲ್ಲ, ಯಾರನ್ನ ಕೇಳಿದ್ರೂ ನಾವಲ್ಲ ನಮ್ಮ ಹಿಂದೆ ಬಂದೋರು ಅಂತಾರೆ. ಆಮೇಲೆ ಪಕ್ಕದ ಕಟ್ಟಡದ್ದೂ ಬಿಡಿಸ್ಕೊಂಡು ಸಂಖ್ಯೆ ಜಾಸ್ತಿ ಆದ್ಮೇಲೆ ಒಂದೊಂದನ್ನ ಐದಾರು ಮನೆಯೋರಿಗೆ ಅಂತ ಹಂಚಿ ಬೀಗ ಹಾಕಿಬಿಟ್ವಿ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಮನೆ ಹೆಸರು. ಒಂದು ಕೀ ಒಬ್ಬರು ಅಜ್ಜಿ ಸೆರಗಿನ ತುದೀಲಿ ಗಂಟು ಹಾಕ್ಕೊಂಡಿದ್ರು, ವಾಪಸ್ ಕೊಡುವಾಗ ಒಂದು ಚೊಂಬು ನೀರು ಹಾಕಿದ್ಯಾ ಅಂತ ಕೇಳದೆ ತಗೋತಿರ್ಲಿಲ್ಲ. ನಮ್ಮ ಹತ್ತು ಬೋರ್ಡು ಮಾಡದ ಕೆಲಸ ಅವರೊಬ್ಬರು ಮಾಡಿದ್ರು.

ಆದ್ರೆ ನಾಲ್ಕೇ ಇದ್ರೆ ಬೀಗದ ಐಡಿಯಾ ನಡೆಯಲ್ಲ, ಜಗಳ ಆಗುತ್ತೆ. ಮೊದಲು ಸಂಖ್ಯೆ. ಇನ್ನೊಂದು, ಕ್ಲೀನ್ ಮಾಡೋಕೆ ದಿನಕ್ಕೆ ಮೂರು ಸಲ ಬರೋ ಇಬ್ಬರನ್ನ ಗೊತ್ತು ಮಾಡಿ ಕೂಲಿ ಕೊಡಿ, ಗ್ಲೌಸು ಗಮ್‌ಬೂಟು ಕೊಡಿ. ಕ್ಯಾಂಪಲ್ಲಿರೋರೇ ಮಾಡ್ಲಿ ಅಂದ್ರೆ ಕೊನೆಗೆ ಯಾವ ಕೇರಿಯೋರ ತಲೆಗೆ ಕಟ್ತಾರೆ ಅಂತ ನಿಮಗೂ ಗೊತ್ತು, ಅದಕ್ಕೆ ಬಿಡಬೇಡಿ.

—

ಮೊಬೈಲ್ ಟಾಯ್ಲೆಟ್ ಗಾಡಿ ತರ್ಸಿ ಸರ್, ತಹಶೀಲ್ದಾರ್‌ಗೆ ಅರ್ಜಿ ಕೊಟ್ರೆ ಆಗುತ್ತೆ.

—

ಮೇಲಿನವರೇ, ಗಾಡಿ ಬರುತ್ತೆ, ಅದರ ಟ್ಯಾಂಕು ತುಂಬಿದಾಗ ಖಾಲಿ ಮಾಡೋಕೆ ಯಾರು ಬರ್ತಾರೆ ಅಂತ ಮೊದಲೇ ಕೇಳ್ಕೊಳ್ಳಿ. ನಾನು 2017ರ ಕೊನೇಲಿ ಬಾಂಗ್ಲಾದೇಶದ ಕಾಕ್ಸ್ ಬಜಾರಲ್ಲಿ, ಮ್ಯಾನ್ಮಾರ್‌ನಿಂದ ಓಡಿ ಬಂದ ರೋಹಿಂಗ್ಯಾ ಜನರ ಕ್ಯಾಂಪಲ್ಲಿದ್ದೆ. ನಾಲ್ಕೇ ತಿಂಗಳಲ್ಲಿ ಆರೂವರೆ ಲಕ್ಷ ಜನ ಬಂದುಬಿಟ್ರು, ಅವಸರಕ್ಕೆ ಸಾವಿರಾರು ಕಕ್ಕಸು ಕಟ್ಟಿದ್ದಾಯ್ತು, ಎಷ್ಟೋ ಗುಂಡಿ ಆಳವೇ ಇಲ್ಲ, ಕೆಲವು ಕುಡಿಯೋ ನೀರಿನ ಬೋರ್ ಪಕ್ಕದಲ್ಲೇ. ಬೇಗ ತುಂಬಿಬಿಟ್ವು, ಗುಡ್ಡದ ಮೇಲೆ ಗಾಡಿ ಹತ್ತಲ್ಲ. ಕಟ್ಟೋದು ಒಂದು ದಿನದ ಕೆಲಸ, ಖಾಲಿ ಮಾಡೋದು ಕ್ಯಾಂಪ್ ಮುಗಿಯೋವರೆಗೂ ಇರೋ ಕೆಲಸ.

ಲೆಕ್ಕ ಬೇಕಂದ್ರೆ ಇಂಥ ಪರಿಹಾರ ಕ್ಯಾಂಪುಗಳಿಗೆ ಸ್ಫಿಯರ್ ಅನ್ನೋ ಅಂತರರಾಷ್ಟ್ರೀಯ ಮಾನದಂಡ ಇದೆ, ಶುರುವಿನ ದಿನಗಳಲ್ಲಿ 50 ಜನಕ್ಕೆ ಒಂದು, ಆದಷ್ಟು ಬೇಗ 20 ಜನಕ್ಕೆ ಒಂದು, ಗಂಡಸರಿಗೆ ಒಂದಿದ್ರೆ ಹೆಂಗಸರಿಗೆ ಮೂರು. ನಿಮಗೆ ಈಗಲೇ ಎಂಟು ಬೇಕು, ಆಮೇಲೆ ಹತ್ತೊಂಬತ್ತು. ಹೊಸ ಗುಂಡಿ ತೋಡೋ ಮುಂಚೆ ಮಣ್ಣು ನೋಡಿ. ಎರೆ ಮಣ್ಣಾದ್ರೆ ನೀರು ಇಂಗಲ್ಲ, ಗೋಡೆ ಕುಸಿಯುತ್ತೆ, ಹೊಳೆ ಬಂದಾಗ ಅಂತರ್ಜಲಾನೂ ಮೇಲಿರುತ್ತೆ. ಬಾವಿ ಬೋರಿಂದ ಕಮ್ಮಿ ಅಂದ್ರೂ 30 ಮೀಟರ್ ದೂರ ಇರ್ಲಿ. ಗುಂಡಿ ಆಗಲ್ಲ ಅಂದ್ರೆ ನೆಲದ ಮೇಲೆ ಸಿಂಟೆಕ್ಸ್ ಥರ ಟ್ಯಾಂಕಿಟ್ಟು ಅದರ ಮೇಲೆ ಕಟ್ಟೆ ಮಾಡಿ ಕೂರಿಸಬೇಕು, ಮೆಟ್ಟಿಲು ಹತ್ತೋಕೆ ಮುದುಕರಿಗೆ ಕಷ್ಟ, ಅವರಿಗೆ ಈಗಿರೋ ಆರರಲ್ಲೇ ಒಂದನ್ನ ಮೀಸಲಿಡಿ.

ಸೆಪ್ಟಿಕ್ ಟ್ಯಾಂಕು ಮುಳುಗಿದ್ರೆ ನೆಲ ನೀರು ಕುಡ್ಕೊಂಡಿರೋವಾಗ ಪೂರ್ತಿ ಖಾಲಿ ಮಾಡಿಸಬೇಡಿ, ಸುತ್ತಲಿನ ನೀರು ಒತ್ತಿ ಟ್ಯಾಂಕೇ ಮೇಲೇಳಬಹುದು, ಬಿರುಕೂ ಬಿಡಬಹುದು. ಮತ್ತೆ ಏನೇ ಆದ್ರೂ ಮನುಷ್ಯರನ್ನ ಒಳಗಿಳಿಸಬೇಡಿ. ಮಲ ಹೊರೋ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ ಅನ್ನೋದು ಆಮೇಲಿನ ಮಾತು, ಒಳಗಿನ ಗ್ಯಾಸಿಗೆ ಉಸಿರು ನಿಲ್ಲೋಕೆ ನಿಮಿಷ ಸಾಕು.

—

ನಾ ಬಾಗಲಕೋಟಿ ಕಡೆಯಾಕಿ, ಆರೋಗ್ಯ ಇಲಾಖಿ ಕೆಲಸ, 2019ರ ಹೊಳಿ ಟೈಮಿನ್ಯಾಗ ಕೇಂದ್ರದಾಗ ಡ್ಯೂಟಿ ಇತ್ತು. ಮಾಸ್ತರ್ರ, ಮೊದ್ಲ ಒಂದು ಬಲ್ಬ್ ಹಾಕಸ್ರಿ, ಒಳಗಿನ ಚಿಲಕ ನೋಡ್ರಿ. ನಮ್ಮಲ್ಲಿ ಕತ್ತಲಾಗ ಹೋಗಬೇಕಾಗ್ತದಂತ ಹೆಣ್ಮಕ್ಕಳು ಸಂಜಿ ನಾಲ್ಕರ ಮ್ಯಾಲೆ ನೀರ ಕುಡೀತಿರ್ಲಿಲ್ಲ, ಉರಿಮೂತ್ರ ಅಂತ ಬಂದವ್ರನ್ನ ಕೇಳಿದಾಗ ಗೊತ್ತಾತು.

ಕಟ್ಟಿದ್ದು ತಗದ್ರ ಬಹುತೇಕ ಪ್ಯಾಡು, ಹರಕ ಬಟ್ಟಿ ಸಿಗ್ತಾವ. ಬೈಬ್ಯಾಡ್ರಿ, ಒಗ್ಯಾಕ ಮತ್ತೆಲ್ಲೂ ಜಾಗ ಇರಂಗಿಲ್ಲ ಪಾಪ. ಒಳಗ ಮುಚ್ಚಳ ಇರೋ ಡಬ್ಬಿ ಇಡ್ರಿ, ದಿನಾ ಹೆಣ್ಮಗಳೊಬ್ಬಾಕಿನ ಅದನ್ನ ಒಯ್ಯಬೇಕು. ಹೊರಗ ಡ್ರಮ್ಮಿನ್ಯಾಗ ನೀರು, ಹಗ್ಗಾ ಕಟ್ಟಿದ ಮಗ್ಗಾ, ಸಾಬಾಣ. ಡ್ರಮ್ ಖಾಲಿ ಆತಂದ್ರ ಮಂದಿ ಚರಗಿ ಹಿಡ್ಕೊಂಡು ಹೊಲಕ್ಕ ಹೊಕ್ಕಾರ.

ಬ್ಲೀಚಿಂಗ್ ಪೌಡರ್ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ದಿನಾ ಹೊಸಾದು ಕಲಸ್ರಿ. ನೆಲ, ಚಿಲಕ, ನಳ ಒರಸ್ರಿ, ಬಕೆಟ್ಟುಗಟ್ಟಲೆ ಟ್ಯಾಂಕಿಗೆ ಸುರೀಬ್ಯಾಡ್ರಿ. ಆಸಿಡ್ ಇರೋ ಕ್ಲೀನರ್ ಜೋಡಿ ಅಂತೂ ಕೂಡಸಲೇಬ್ಯಾಡ್ರಿ, ನಮ್ಮ ಹುಡುಗ ಒಬ್ಬಾಂವ ಎರಡೂ ಹಾಕಿದ್ರ ಎರಡು ಪಟ್ಟು ಸ್ವಚ್ಛ ಆಗ್ತದಂತ ತಿಳ್ಕೊಂಡು ಹಾಕಿ, ಕ್ಲೋರಿನ್ ಹೊಗಿ ಎದ್ದು ಕೆಮ್ಮಿ ಕೆಮ್ಮಿ ಹೊರಗ ಬಿದ್ದಿದ್ದ.

—

ಎಲ್ಲಾರಿಗೂ ಶರಣ್ರಿ, ಕೇಳಿದಾಂವ ನಾನ. ಅಕ್ಕಾರ ಹೇಳಿದ್ದು ಖರೇ ಐತಿ, ಛೇಂಬರ್ ತಗದ್ರ ಒಂದು ಇಡೀ ಟವೆಲ್ಲು, ಪ್ಯಾಡು, ಹತ್ತಿಪ್ಪತ್ತು ಗುಟಕಾ ಚೀಟಿ. ಬೊಂಬಿಲೆ ಎಳದ್ವಿ, ಎರಡೂ ಚಾಲೂ ಆದ್ವು. ಬಾಜೂಕಿನ ಕಲ್ಯಾಣಮಂಟಪದಾವ್ರು ಇನ್ನೂ ನಾಲ್ಕು ಕೊಟ್ಟಾರ, ಈಗ ಹತ್ತಾದ್ವು. ಬಲ್ಬೂ ಹಾಕ್ಸೀನಿ. ಸಕ್ಕಿಂಗ್ ಮಷೀನ್ ಗಾಡಿ ನಾಳೆ ಬರೋದಿತ್ತು, ಅರ್ಧ ಅಷ್ಟ ತಗೀಪಾ ಅಂತ ಹೇಳಿದ್ದೆ. ತಗದು ಎಲ್ಲಿ ಸುರೀತಿ ಅಂತ ಕೇಳಿದ್ರ, ಇಲ್ಲೇ ಹಳ್ಳಕ್ಕ್ರಿ ಸರ್ ಅಂತಾನ, ಅದ ಹಳ್ಳದ ದಂಡಿಗೆ ನಮ್ಮ ಕುಡಿಯೋ ನೀರಿನ ಬೋರು. ಬರಬ್ಯಾಡಂದೀನಿ. ನಮ್ಮ ಜಿಲ್ಲಾದಾಗ ಇದನ್ನ ತಗೊಳ್ಳೋ ಪ್ಲಾಂಟ್ ಎಲ್ಲೆ ಐತಿ ಯಾರಿಗರೆ ಗೊತ್ತೈತೇನ್ರಿ?