ಬಾಕ್ಸಿಂಗ್ ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಕಾದಾಟದಲ್ಲಿ) ಹೊಡೆತಕ್ಕೆ ಸರಿಯಾದ ಅಂತರ ಸಿಗುತ್ತಿಲ್ಲ, ನಿಮಗೆ ಹೇಗೆ ಸಿಕ್ಕಿತು?

ಕೇಳಿದವರು: ಚೀಲಕ್ಕೆ ಹೊಡೆಯುವಾಗ ಕಾಲು ಹೇಳಿದಂತೆ ಕೇಳುತ್ತದೆ. ಎದುರಿಗೆ ಮನುಷ್ಯ ನಿಂತರೆ ಜಾಬ್ (ಮುಂದಿನ ಕೈಯ ನೇರ ಹೊಡೆತ) ಗೇಣಿನಷ್ಟು ಮೊದಲೇ ಮುಗಿದುಹೋಗುತ್ತದೆ. ನುಗ್ಗಿದರೆ ಇಬ್ಬರೂ ತಬ್ಬಿಕೊಂಡು ನಿಲ್ಲುತ್ತೇವೆ. ನಾನು ಕುಳ್ಳ. ನಿಮ್ಮ ಅನುಭವ ತಿಳಿಸಿ.

ಜಾರುಹೆಜ್ಜೆ: ನಾನು ಜಿಗಿತ ಬಿಟ್ಟವನು, ಬಿಟ್ಟಿದ್ದಕ್ಕೆ ಹೆಮ್ಮೆಯಿದೆ. ಮೊದಲ ತರಬೇತುದಾರರು ಇಡೀ ಸುತ್ತು ತುದಿಗಾಲಿನಲ್ಲಿ ಕುಣಿಸುತ್ತಿದ್ದರು. ಮೀನಖಂಡ ಬಿಗಿಯಿತು, ಆಮೇಲೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಊದಿತು. ಬೆಳಿಗ್ಗೆ ಮೊದಲ ಹೆಜ್ಜೆ ಊರಲು ಗೋಡೆ ಹಿಡಿಯಬೇಕಿತ್ತು, ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುತ್ತಿದ್ದೆ, ಓಟ ನಿಂತೇ ಹೋಯಿತು. ಇಷ್ಟಾದರೂ ಫಲವೇನು? ಎರಡೂ ಪಾದ ಗಾಳಿಯಲ್ಲಿರುವಾಗ ಯಾರೂ ದಿಕ್ಕು ಬದಲಿಸಲಾರರು. ನಾನು ನೆಲಕ್ಕಿಳಿಯುವ ಹೊತ್ತಿಗೆ ಸರಿಯಾಗಿ ಎದುರಾಳಿಗಳು ಹೊಡೆಯುತ್ತಿದ್ದರು. ಈಗ ಹೋಗುವ ದಿಕ್ಕಿನ ಪಾದ ಮೊದಲು, ಇನ್ನೊಂದು ಅಷ್ಟೇ ದೂರ ಅದರ ಬೆನ್ನಿಗೆ. ಅಂತರವಿರುವುದು ಹಿಂಗಾಲಿನಲ್ಲಿ. ಅದನ್ನು ಎಳೆದುಕೊಳ್ಳದವನು ಸೊಂಟ ಬಗ್ಗಿಸಿ ಕೈ ಚಾಚುತ್ತಾನೆ, ಗದ್ದ ಕೊಡುತ್ತಾನೆ.

ಉದ್ದತೋಳು: ಮೀನಖಂಡಕ್ಕೆ ಬಲವಿಲ್ಲದಿದ್ದರೆ ಜಿಗಿತವನ್ನೇಕೆ ದೂರುತ್ತೀರಿ? 1964ರಲ್ಲಿ ಆಗಿನ ಹೆವಿವೇಟ್ ಚಾಂಪಿಯನ್ ಸನ್ನಿ ಲಿಸ್ಟನ್ ಅವರ ಜಾಬ್ ಗಾಳಿಪಾಲಾಗುವಂತೆ ಮಾಡಿದ್ದು ಮುಹಮ್ಮದ್ ಅಲಿಯ ಕುಣಿತವೇ. ನಾನು ಇಂದಿಗೂ ಜಿಗಿಯುತ್ತೇನೆ, ಪಾದ ನೆಲದಿಂದ ಕಾಗದದಷ್ಟು ಮೇಲೆ. ಎದುರಾಳಿ ನನ್ನ ಲಯಕ್ಕೆ ಒಗ್ಗಿದ ಗಳಿಗೆಯಲ್ಲೇ ಲಯ ಮುರಿದು ಒಳನುಗ್ಗುತ್ತೇನೆ. ಜಾರಿಕೊಂಡು ಬರುವವರು ದೂರದಿಂದಲೇ ಕಾಣುತ್ತಾರೆ.

ಜಾರುಹೆಜ್ಜೆ: ನಿಮ್ಮ ಹೆಸರಿನಲ್ಲೇ ಉತ್ತರವಿದೆ. ಅಷ್ಟುದ್ದ ತೋಳಿದ್ದವರಿಗೆ ಏನು ಮಾಡಿದರೂ ನಡೆಯುತ್ತದೆ. 1974ರಲ್ಲಿ ಕಿನ್ಶಾಸಾದಲ್ಲಿ ಅದೇ ಅಲಿ ಹಗ್ಗಕ್ಕೆ ಒರಗಿಕೊಂಡು ಚಾಂಪಿಯನ್ ಜಾರ್ಜ್ ಫೋರ್‌ಮನ್ ಅವರನ್ನು ದಣಿಸಿದರು. ಅಲ್ಲಿ ಕುಣಿತ ಎಲ್ಲಿತ್ತು?

ಎಡಗೈ: ನಿಮ್ಮಿಬ್ಬರ ಪಾಠವೂ ಸೌತ್‌ಪಾಗಳಿಗೆ (ಬಲಗಾಲು ಮುಂದಿಟ್ಟು ನಿಲ್ಲುವ ಎಡಗೈಯವರಿಗೆ) ಒದಗುವುದಿಲ್ಲ. ನನಗೆ ಸಿಗುವವರೆಲ್ಲ ಬಲಗೈಯವರು. ಇಬ್ಬರ ಮುಂಗಾಲೂ ಒಂದೇ ಜಾಗಕ್ಕೆ ಬೀಳುತ್ತದೆ. ಹೆಬ್ಬೆರಳಿನ ಉಗುರು ಕಪ್ಪಾಗಿ ಕಿತ್ತುಬಂತು, ಹೊಸದು ಅರ್ಧ ಬೆಳೆಯುವಷ್ಟರಲ್ಲಿ ಮತ್ತೆ ತುಳಿಸಿಕೊಂಡು ಸೊಟ್ಟಗಾಯಿತು, ಬದಿಯಲ್ಲಿ ಕೀವು ತುಂಬಿತು. ಶೂ ಒಳಗೆ ಹತ್ತಿ ಇಟ್ಟುಕೊಂಡು ಸ್ಪಾರಿಂಗ್ ಮಾಡಿದ್ದೇನೆ. ಮುಂಗಾಲನ್ನು ಅವರ ಮುಂಗಾಲಿನ ಹೊರಬದಿಗೆ ಇಡಲು ಕಲಿತ ಮೇಲೆಯೇ ನನ್ನ ಎಡಗೈ ನೇರ ಗದ್ದ ಮುಟ್ಟಿತು. ಸೌತ್‌ಪಾ ಬಾಕ್ಸರ್ ಲೊಮಚೆಂಕೊ ಅವರನ್ನು ತಂದೆ ಬಾಲ್ಯದಲ್ಲಿ ಬಾಕ್ಸಿಂಗ್ ಬಿಡಿಸಿ ಉಕ್ರೇನಿನ ಜಾನಪದ ನೃತ್ಯಕ್ಕೆ ಹಾಕಿದ್ದು ಸುಮ್ಮನೆ ಅಲ್ಲ.

ಉದ್ದತೋಳು: ನೃತ್ಯ! ನಾನು ಹೇಳಿದ್ದೂ ಅದನ್ನೇ.

ಎಡಗೈ: ನನ್ನ ಮಾತನ್ನು ನಿಮ್ಮ ಕಡೆಗೆ ಎಳೆದುಕೊಳ್ಳಬೇಡಿ. ನಾನು ಹೇಳಿದ್ದು ಪಾದ ಎಲ್ಲಿ ಬೀಳಬೇಕು ಎಂಬುದನ್ನು.

ಹಳೆಯ ಗ್ಲೌಸ್: ಕಾಲಿನ ಮಾತು ಸಾಕು. ಕಣ್ಣಿಗೇ ಕಾಣದಿದ್ದರೆ ಅಂತರ ಎಲ್ಲಿಂದ ಬರಬೇಕು? ಕೆನ್ನೆಪಟ್ಟಿಯ ಹೆಡ್‌ಗಾರ್ಡ್ ತೊಟ್ಟರೆ ಕೆಳಗಿನಿಂದ ಬರುವ ಹೊಡೆತ ಮರೆಯಾಗುತ್ತದೆ. ನನ್ನದು ಬೆವರಿಗೆ ಜಾರಿ, ತಿರುಗಿ, ಒಂದು ಕಣ್ಣನ್ನೇ ಮುಚ್ಚಿತು. ಆಗ ಪಕ್ಕದಿಂದ ಬೀಸಿ ಬಿದ್ದ ಹುಕ್ ಹೊಡೆತಕ್ಕೆ ದವಡೆ ಬಿರುಕು ಬಿಟ್ಟಿತು. ಹಲ್ಲಿಗೆ ತಂತಿ ಬಿಗಿಸಿಕೊಂಡು, ನಳಿಕೆಯಲ್ಲಿ ಹೀರಿಕೊಂಡು ಬದುಕಿದೆ. ಈಗ ಕೆನ್ನೆ ತೆರೆದಿರುವುದನ್ನೇ ಧರಿಸುತ್ತೇನೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರು ಹೆಡ್‌ಗಾರ್ಡ್ ಇಲ್ಲದೆಯೇ ಆಡಿದರು.

ಜಾರುಹೆಜ್ಜೆ: ಅದು ಪಂದ್ಯ, ಅಭ್ಯಾಸವಲ್ಲ. ಹೊಸಬರಿಗೆ ಕೆನ್ನೆ ತೆರೆದುಕೊಂಡು ನಿಲ್ಲಿ ಎನ್ನುವುದು ಬೇಜವಾಬ್ದಾರಿ.

ಹಳೆಯ ಗ್ಲೌಸ್: ಕೆನ್ನೆಪಟ್ಟಿ ಇದ್ದಾಗಲೇ ಅಲ್ಲವೇ ನನ್ನ ದವಡೆ ಹೋದದ್ದು? ಓದಿ ಉತ್ತರಿಸಿ.

ಜಾರುಹೆಜ್ಜೆ: ಓದಿದ್ದೇನೆ. ಸಡಿಲವಾದ ಪಟ್ಟಿಯನ್ನು ಬಿಗಿದು ಕಟ್ಟಬೇಕು, ಕಿತ್ತೆಸೆಯುವುದಲ್ಲ.

ಎಡಗೈ: ಅದಿರಲಿ, ಕೇಳಿದವರೇ, ನಿಮ್ಮ ಎದುರಾಳಿ ಬಲಗೈಯವರೋ ಎಡಗೈಯವರೋ ಹೇಳಲೇ ಇಲ್ಲ.